ಅತ್ತೆಯ ಹಲ್ಲು, ಹಳಿಯಾಚೆಯ ಮನೆ

ಭಾನುವಾರದ ಊಟ ಇನ್ನೂ ಅರ್ಧದಲ್ಲಿತ್ತು. ದೊಡ್ಡ ನಾದಿನಿ ಎದ್ದು ಹೋಗಿ ಬೀಗದ ಕೈಯೊಂದನ್ನು ತಂದು ತಮ್ಮನ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಹೊಸ ಬೀಗದ ಕೈ. ಅದರ ಕುತ್ತಿಗೆಗೆ ಕೆಂಪು ದಾರ ಕಟ್ಟಿತ್ತು.

“ಮಹಡಿ ಮೇಲಿನ ಎರಡು ರೂಮು ನಿಮಗೇ. ಬಣ್ಣ ಹೊಡೆಸಿದ್ದೀನಿ, ಬಚ್ಚಲಿಗೆ ಹೊಸ ನಲ್ಲಿ ಹಾಕ್ಸಿದ್ದೀನಿ. ಬಾಡಿಗೆ ಗೀಡಿಗೆ ಅಂತ ಬಾಯಿ ಬಿಟ್ಟೆಯೋ, ನೋಡು ಮತ್ತೆ. ಇವತ್ತೇ ಸಾಮಾನು ಮೇಲಕ್ಕೆ ಸಾಗಿಸಿ,” ಎಂದಳು.

ತಮ್ಮನ ಕೈ ಇನ್ನೇನು ಅದರ ಕಡೆ ಹೋಗಬೇಕು, ಅಷ್ಟರಲ್ಲಿ ಅವನ ಹೆಂಡತಿ ಒಂದೇ ಬೆರಳಿನಿಂದ ಬೀಗದ ಕೈಯನ್ನು ಮೇಜಿನ ಮೇಲೆ ಜಾರಿಸಿ ನಾದಿನಿಯ ಕಡೆಗೇ ತಳ್ಳಿದಳು.

“ಬೇಡ ಅಕ್ಕ. ನಾವು ರೈಲು ಹಳಿಯಾಚೆ ಮನೆ ಹಿಡಿತೀವಿ.”

ಮೇಜಿನ ತುದಿಯಲ್ಲಿ ಕೂತಿದ್ದ ಭಾವನ, ಎಂದರೆ ನಾದಿನಿಯ ಗಂಡನ, ಚಮಚ ಗಾಳಿಯಲ್ಲೇ ನಿಂತಿತು. ತಮ್ಮ ತನ್ನ ತಟ್ಟೆಯೊಳಗೆ ಏನೋ ಕಳೆದುಕೊಂಡವನಂತೆ ಬಗ್ಗಿ ನೋಡತೊಡಗಿದ. ಅಡುಗೆಮನೆಯ ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಕೂತು ತಿಳಿಗಂಜಿ ಕುಡಿಯುತ್ತಿದ್ದ ಅತ್ತೆ ಮಾತ್ರ ಬಟ್ಟಲಿನ ಅಂಚಿನ ಮೇಲಿಂದ ಕಣ್ಣೆತ್ತಿ ಸೊಸೆಯನ್ನು ನೋಡಿದರು. ಆ ಕಣ್ಣಿನಲ್ಲಿ ಏನಿತ್ತೆಂದು ಸೊಸೆಗೆ ಆಗ ತಿಳಿಯಲಿಲ್ಲ.

ಬಿಟ್ಟಿ ಸಿಕ್ಕರೆ ನನಗೂ ಒಂದು, ನಮ್ಮಪ್ಪನಿಗೂ ಒಂದು ಎನ್ನುವ ಲೋಕ ಇದು. ಅಂಥದರಲ್ಲಿ ಊರಿನ ಒಳ್ಳೆಯ ಬಡಾವಣೆಯಲ್ಲಿ, ಗುಡ್ಡದ ಮೇಲೆ, ಗಾಳಿ ಬೆಳಕಿರುವ ಎರಡು ರೂಮನ್ನು ಬಾಡಿಗೆಯಿಲ್ಲದೆ ಕೊಡುತ್ತೇನೆಂದರೆ ಬೇಡವೆನ್ನುವವಳನ್ನು ಹುಚ್ಚಿ ಎನ್ನದೆ ಇನ್ನೇನೆನ್ನಬೇಕು? ಆದರೆ ಆ ಹುಚ್ಚು ಅವಳಿಗೆ ಒಂದೇ ದಿನದಲ್ಲಿ ಹಿಡಿದದ್ದಲ್ಲ. ಪೂರಾ ಒಂದು ವಾರ ಹಿಡಿದಿತ್ತು, ಅದೂ ಬಸ್ಸಿನಲ್ಲಿ ಜೋತುಬಿದ್ದು.

ಅವಳ ಕಸುಬು ಹಲ್ಲು ಕಟ್ಟುವುದು. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸಿದ ಮೇಲೆ ಆ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲನ್ನು ಕೂರಿಸಿ, ಬೇಯಿಸಿ, ತೇದು, ಹೊಳಪು ಕೊಟ್ಟು ಬಾಯಿಗೆ ಹೊಂದುವ ಸೆಟ್ಟು ಮಾಡುವ ಕೆಲಸ. ಹಳೆಯ ಊರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಹಿಂದಿನ ಕೋಣೆಯಲ್ಲಿ ಹನ್ನೆರಡು ವರ್ಷ ಇದನ್ನೇ ಮಾಡಿದ್ದಳು. ಓಣಿಯವರೆಲ್ಲ ಅವಳನ್ನು ‘ಹಲ್ಲಿನವಳು’ ಎಂದೇ ಕರೆಯುತ್ತಿದ್ದರು. ದೊಡ್ಡ ಊರಿನ ಹಲ್ಲಿನ ಆಸ್ಪತ್ರೆಗೆ ಜನ ಬೇಕಾಗಿದ್ದಾಗ ಹೋಗಿ, ಅವರು ಕೊಟ್ಟ ಅಚ್ಚಿಗೆ ಅವರ ಕಣ್ಣೆದುರೇ ಮೇಲುಸಾಲು ಕಟ್ಟಿ ತೋರಿಸಿ ಕೆಲಸ ಗಿಟ್ಟಿಸಿಕೊಂಡಿದ್ದಳು. ಸಂಬಳ ಹೆಚ್ಚು, ಮರ್ಯಾದೆ ಇನ್ನೂ ಹೆಚ್ಚು. ಗಂಡ ಸೋಫಾ, ಕುರ್ಚಿಗಳಿಗೆ ಹೊದಿಕೆ ಹೊಲಿಯುವವನು. ಜನ ಕೂರುವ ಕಡೆಯೆಲ್ಲ ನನಗೆ ಕೆಲಸ ಇದ್ದೇ ಇರುತ್ತೆ ಎಂದು ನಗುತ್ತಾ ಹೊರಟುಬಂದಿದ್ದ. ಒಳ್ಳೆಯವನೇ. ಆದರೆ ಏನು ಕೇಳಿದರೂ ‘ನೋಡೋಣ’ ಎನ್ನುತ್ತಿದ್ದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

ಇನ್ನು ಅತ್ತೆ. ಅವರ ಬಾಯಲ್ಲಿದ್ದ ಹಲ್ಲೂ ಸೊಸೆ ಕಟ್ಟಿದ್ದೇ. ಮದುವೆಯಾದ ಎರಡನೆಯ ವರ್ಷ, ಕೈ ಇನ್ನೂ ಪಳಗದಿದ್ದಾಗ ಕಟ್ಟಿದ ಸೆಟ್ಟು, ಕೂದಲೆಳೆಯಷ್ಟು ಎತ್ತರವಾಗಿಬಿಟ್ಟಿತ್ತು. ಅದರಿಂದ ಮಾತಾಡುವಾಗ, ಅಗಿಯುವಾಗ ಮೇಲಿನದೂ ಕೆಳಗಿನದೂ ತಾಗಿ ಟಕ್ ಟಕ್ ಎನ್ನುತ್ತಿತ್ತು. ಕೊಡಿ ಅತ್ತೆ, ಅರ್ಧ ಗಂಟೆ ತೇದರೆ ಸರಿಹೋಗುತ್ತೆ ಎಂದು ಅವಳು ಎಷ್ಟೋ ಸಲ ಕೇಳಿದ್ದಳು. ಅತ್ತೆ ಕೊಡುತ್ತಿರಲಿಲ್ಲ. ಸಿಟ್ಟು ಬಂದಾಗಲೆಲ್ಲ ಬೈಯಲು ಅದೊಂದು ಕಾರಣ ಕೈಯಲ್ಲಿರಬೇಕಲ್ಲ! ಸಾರಿಗೆ ಉಪ್ಪು ಕಡಿಮೆಯಾದರೂ, ಮಗ ತಡವಾಗಿ ಬಂದರೂ, ಕೊನೆಗೆ ಮಾತು ಬಂದು ನಿಲ್ಲುತ್ತಿದ್ದುದು ಅಲ್ಲಿಯೇ: “ನೀನು ಕಟ್ಟಿದ ಹಲ್ಲು ನೋಯುತ್ತೆ.” ಸೊಸೆ ಕಟ್ಟಿಕೊಟ್ಟ ಹಲ್ಲಿನಿಂದ ಸೊಸೆಯನ್ನೇ ಕಚ್ಚುವ ಅತ್ತೆ ಎಂದು ಓಣಿಯಲ್ಲಿ ನಗೆಯಾಡುತ್ತಿದ್ದರು. ಮೊದಮೊದಲು ಅವಳು ಗಾಬರಿಯಿಂದ ಓಡಿಹೋಗಿ ಬಾಯಿ ನೋಡುತ್ತಿದ್ದಳು. ಆಮೇಲಾಮೇಲೆ ನೋಡುವುದನ್ನು ಬಿಟ್ಟಳು, ಕೇಳಿಸಿಕೊಳ್ಳುವುದನ್ನೂ ಬಿಟ್ಟಳು.

ಊರು ಬಿಡುವ ಗಂಟುಮೂಟೆ ಶುರುವಾದಾಗ ಅತ್ತೆಯನ್ನು ಒಂದು ತಿಂಗಳು ಮುಂಚೆಯೇ ಮಗಳ ಮನೆಗೆ ಕಳಿಸಿದ್ದರು. ಅತ್ತೆಯೂ ಮಗಳ ಮನೆ ಅರಮನೆ ಎಂದು ಹಿಗ್ಗಿಕೊಂಡೇ ಹೋಗಿದ್ದರು. ಆಮೇಲೆ ಮೂರು ಸಲ ಫೋನು ಬಂತು. ಮೂರು ಸಲವೂ ಅತ್ತೆ ಹೇಳಿದ್ದು ಒಂದೇ, ಹಲ್ಲು ನೋಯುತ್ತಿದೆ ಎಂದು. ಮಾತು ತೊದಲಿದಂತಿತ್ತು, ಅಕ್ಷರಗಳು ನುಂಗಿಹೋಗುತ್ತಿದ್ದವು. ಹಲ್ಲಿಲ್ಲದ ಬಾಯಿಯ ಮಾತು ಹೇಗಿರುತ್ತದೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ದಿನಕ್ಕೆ ಹತ್ತು ಮಂದಿಯದ್ದನ್ನು ಕೇಳುತ್ತಿದ್ದವಳು! ಆದರೂ ಲೈನು ಸರಿಯಿಲ್ಲ ಎಂದುಕೊಂಡಳು. ಹಳೆಯ ರಾಗವೇ, ಊರು ಬದಲಾದರೂ ರಾಗ ಬದಲಾಗಲಿಲ್ಲ ಎಂದು ಗಂಡನ ಮುಂದೆ ನಕ್ಕಿದ್ದಳು ಕೂಡ. ಆ ನಗು ನೆನಪಾದರೆ ಈಗಲೂ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಬಂದಿಳಿದ ದಿನ ಬಾಗಿಲು ತೆರೆದವರು ಅತ್ತೆಯೇ. ಕೆನ್ನೆಗಳು ಒಳಗೆ ಹೋಗಿದ್ದವು, ತುಟಿಗಳು ಬಾಯೊಳಗೆ ಮಡಿಸಿಕೊಂಡಿದ್ದವು. ಒಂದೇ ತಿಂಗಳಿಗೆ ಹತ್ತು ವರ್ಷ ಮುದುಕಿಯಾಗಿದ್ದರು. ಹಲ್ಲೆಲ್ಲಿ ಅತ್ತೆ ಎಂದು ಅವಳು ಕೇಳುವುದಕ್ಕೂ ನಾದಿನಿ ಹೊರಬರುವುದಕ್ಕೂ ಸರಿಹೋಯಿತು. ಒಸಡು ಊದಿಕೊಂಡಿದೆ, ಅದಕ್ಕೆ ತಾನೇ ತೆಗೆಸಿ ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದೇನೆ, ಈ ವಯಸ್ಸಿಗೆ ಗಂಜಿಯೇ ಹಿತ ಎಂದು ನಾದಿನಿ ಹೇಳಿದಳು. ಮರುದಿನ ಬೆಳಗ್ಗೆ ಅತ್ತೆ ಬಾಯಿ ಮುಕ್ಕಳಿಸುವಾಗ ಸೊಸೆ ಪಕ್ಕದಲ್ಲಿ ನಿಂತು ನೋಡಿದಳು. ಒಸಡು ನಸುಗೆಂಪಗೆ, ಗಟ್ಟಿಯಾಗಿ, ಏನೂ ಆಗದೆ ಇತ್ತು. ಏನಾಯಿತು ಅತ್ತೆ ಎಂದರೆ ಅವರು ಮುಖ ತಿರುಗಿಸಿ, ನೀನು ಕಟ್ಟಿದ್ದು ನೋಯುತ್ತಿತ್ತು ಎಂದಷ್ಟೇ ಅಂದರು.

ಅದೇ ದಿನ ಇನ್ನೊಂದು ವಿಷಯವೂ ಬೆಳಕಿಗೆ ಬಂತು. ಇವರು ಬರುವ ಹಿಂದಿನ ವಾರವೇ ನಾದಿನಿ ಅಡುಗೆಯವಳನ್ನು ಬಿಡಿಸಿದ್ದಳು. ಮನೆಯವರೇ ಇರುವಾಗ ಹೊರಗಿನವರು ಯಾಕೆ ಎಂಬುದು ಅವಳ ಮಾತು. ಆಸ್ಪತ್ರೆಯೇನು ದೂರ, ಕಾರಿನಲ್ಲಿ ಇಪ್ಪತ್ತೇ ನಿಮಿಷ. ತಿಂಡಿ, ಅಡುಗೆ ಮುಗಿಸಿಟ್ಟು ಆರಾಮವಾಗಿ ಹೋಗಬಹುದು, ಸರಿಹೋಗದಿದ್ದರೆ ಬಿಟ್ಟುಬಿಡಬಹುದು, ಬಾಡಿಗೆಯೇ ಇಲ್ಲದ ಮೇಲೆ ಹೆಂಗಸು ಯಾಕೆ ದುಡಿಯಬೇಕು... ನಾದಿನಿ ಹೇಳುತ್ತಾ ಹೋದಳು, ಬೆಣ್ಣೆಯಿಂದ ಕೂದಲೆಳೆದಷ್ಟು ನಯವಾಗಿ. ಯಾವ ಕೆಲಸಕ್ಕಾಗಿ ಊರು ಬಿಟ್ಟು ಬಂದಳೋ ಆ ಕೆಲಸವನ್ನೇ ಬಾಡಿಗೆಯಾಗಿ ಕೇಳುತ್ತಿದ್ದಾಳೆ ಎಂಬುದು ಹಲ್ಲಿನವಳಿಗೆ ಆಗಲೇ ಅರ್ಥವಾಯಿತು.

ನಾದಿನಿ ಕಾರಿನಲ್ಲಿ ಕರೆದುಕೊಂಡು ಹೋಗಿ ಆಸ್ಪತ್ರೆ ತೋರಿಸಿದ್ದು ರಜೆಯ ದಿನ. ಕೆಲಸಕ್ಕೆ ಸೇರಲು ಇನ್ನೂ ಒಂದು ವಾರವಿತ್ತು, ದಾರಿ ನೋಡಿಬರಲೆಂದು ಹಲ್ಲಿನವಳು ಸೋಮವಾರ ಬೆಳಗ್ಗೆ ಏಳಕ್ಕೆ ಗುಡ್ಡದ ಸ್ಟಾಪಿನಿಂದ ಬಸ್ಸು ಹಿಡಿದಳು. ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಯ ಗೇಟು ಮುಟ್ಟುವಾಗ ಗಂಟೆ ಒಂಬತ್ತಾಗಲು ಹತ್ತೇ ನಿಮಿಷ ಇತ್ತು. ಅಲ್ಲಿಂದಾಚೆಗೆ ಅವಳು ಮನೆ ಹುಡುಕುವುದಕ್ಕೆ ತನ್ನದೇ ಒಂದು ದಾರಿ ಹಿಡಿದಳು. ದಲ್ಲಾಳಿ ತೋರಿಸಿದ ಹೊತ್ತಿಗೆ ಮನೆ ನೋಡುತ್ತಿರಲಿಲ್ಲ. ಜನ ಕೆಲಸಕ್ಕೆ ಹೊರಡುವ ಹೊತ್ತಿಗೆ ಹೋಗಿ ಬೀದಿ ನೋಡುತ್ತಿದ್ದಳು. ಬಸ್ ಸ್ಟಾಪಿನಲ್ಲಿ ನಿಂತವರನ್ನು ಮನೆಯಿಂದ ಎಷ್ಟು ಹೊತ್ತಿಗೆ ಹೊರಟಿರಿ, ನೀರು ಯಾವಾಗ ಬರುತ್ತೆ ಎಂದು ಕೇಳುತ್ತಿದ್ದಳು. ಕೇಳುತ್ತಾ ಕೇಳುತ್ತಾ ಅವರ ಬಾಯಿ ನೋಡುತ್ತಿದ್ದಳು. ಕಸುಬಿನ ಚಾಳಿ, ಏನು ಮಾಡುವುದು? ರಾತ್ರಿಯೆಲ್ಲ ಹಲ್ಲು ಕಡಿಯುವವರ ಹಲ್ಲಿನ ತುದಿ ಸವೆದು ಚಪ್ಪಟೆಯಾಗಿರುತ್ತದೆ. ಗುಡ್ಡದ ಬಡಾವಣೆಯಲ್ಲಿ ಅಂಥ ಬಾಯಿಗಳೇ ಹೆಚ್ಚು. ಕೈಗೆಟುಕದ ಮನೆಗಾಗಿ ಸಾಲ ಮಾಡಿದವರೆಲ್ಲ ನಿದ್ದೆಯಲ್ಲೂ ಹಲ್ಲು ಕಚ್ಚಿಕೊಂಡೇ ಮಲಗುತ್ತಾರೇನೋ ಅನ್ನಿಸಿತು. ಆಸ್ಪತ್ರೆಯ ಎದುರಿನ ಬೀದಿ ಅವಳ ಸಂಬಳಕ್ಕೆ ನಿಲುಕುವಂತಿರಲಿಲ್ಲ. ಊರಾಚೆಯ ಹೊಸ ಕಟ್ಟಡಗಳಲ್ಲಿ ಬಾಡಿಗೆ ಅಗ್ಗ, ಆದರೆ ಬಸ್ಸು ಗಂಟೆಗೊಂದು. ಅಲ್ಲಿ ಉಳಿಸಿದ್ದನ್ನು ದಾರಿಯಲ್ಲಿ ಕಳೆಯಬೇಕಿತ್ತು.

ಗುರುವಾರ ಅವಳು ರೈಲು ಹಳಿ ದಾಟಿದಳು. ಆಸ್ಪತ್ರೆಯ ಹಿಂಬಾಗಿಲಿಂದ ರೈಲ್ವೆ ಗೇಟು ದಾಟಿ ನಡೆದರೆ ಹನ್ನೆರಡು ನಿಮಿಷ. ಕಿರಿದಾದ ಬೀದಿ, ಕಾರು ಹೋಗುವುದಿಲ್ಲ. ಬೀದಿಯ ನಲ್ಲಿಯ ಹತ್ತಿರ ಬಕೆಟ್ಟು ಹಿಡಿದು ನಿಂತ ಒಬ್ಬ ಮುದುಕ ಏನೋ ಚಟಾಕಿ ಹಾರಿಸಿದ, ಸುತ್ತ ಇದ್ದ ಹೆಂಗಸರು ಬಾಯಿ ಮುಚ್ಚಿಕೊಳ್ಳದೆ ನಕ್ಕರು. ಮೂರು ಬೋಳು ಬಾಯಿ, ಎರಡು ಹುಳುಕು ಹಲ್ಲು, ಒಂದು ಬೆಳ್ಳಿ ತುಂಬಿದ ದವಡೆ. ಎಲ್ಲವೂ ಅವಳಿಗೆ ಕಂಡವು, ಯಾರೂ ಮರೆಮಾಡಲಿಲ್ಲ. ಇಸ್ತ್ರಿ ಮಾಡುವ ಒಬ್ಬ ಹೆಂಗಸಿನ ಮನೆಯ ಪಕ್ಕದ ಭಾಗ ಬಾಡಿಗೆಗಿತ್ತು. ನೆಲದ ಮಟ್ಟದ ಎರಡು ಕೋಣೆ, ಅಡುಗೆಮನೆ, ಮುಂದೆ ಕೂರುವುದಕ್ಕೊಂದು ಜಗಲಿ. ಹಲ್ಲಿನವಳು ಗೋಡೆಗೆ ಅಂಗೈ ಒತ್ತಿ ತೇವ ನೋಡಿದಳು, ಒಂದು ಮೂಲೆಯಲ್ಲಿತ್ತು. ನಲ್ಲಿ ಬಿಟ್ಟು ಬಕೆಟ್ಟು ತುಂಬುವವರೆಗೆ ಕಾದಳು. ಅಷ್ಟರಲ್ಲಿ ರೈಲು ಬಂತು. ಇಡೀ ಮನೆ ನಡುಗಿತು, ಗೂಡಿನಲ್ಲಿದ್ದ ಲೋಟಗಳು ಗಲಗಲ ಎಂದವು. ಇಸ್ತ್ರಿಯವಳು ರೈಲು ಹೋಗುವವರೆಗೂ ಬಾಯಿ ಮುಚ್ಚಿ ನಿಂತು, ಹೋದಮೇಲೆ, ದಿನಕ್ಕೆ ಹದಿನಾಲ್ಕು ಸಲ ಹೀಗೇ, ಸುಳ್ಳು ಹೇಳಲ್ಲ ಎಂದಳು. ಮನೆಯಲ್ಲಿ ಯಾರ್ಯಾರು ಎಂದು ಕೇಳಿದಾಗ ಅತ್ತೆಯೂ ಇದ್ದಾರೆ ಎಂಬ ಉತ್ತರ ಬಂತು.

“ಮಾತಾಡ್ತಾರಾ?” ಎಂದು ಇಸ್ತ್ರಿಯವಳು ಕೇಳಿದಳು.

“ಬಿಟ್ರೆ ನಿಲ್ಲಿಸೋದಿಲ್ಲ.”

“ಹಾಗಾದ್ರೆ ಬೇರೆಯವರಿಗೆ ಕೊಡಲ್ಲ. ಭಾನುವಾರ ಸಂಜೆವರೆಗೂ ಕಾಯ್ತೀನಿ, ಆಮೇಲೆ ನನ್ನ ಕೇಳ್ಬೇಡಿ.”

ಗಂಡನಿಗೆ ಹೇಳಿದಾಗ ಅವನು ‘ನೋಡೋಣ’ ಎಂದ. ಅಕ್ಕನ ಮಾತು ಮೀರುವುದು ಅವನಿಗೆ ಸುಲಭವಾಗಿರಲಿಲ್ಲ. ಅಪ್ಪ ಹೋದಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅವಳು ಓದು ಬಿಟ್ಟು ಬಾಟಲಿ ತೊಳೆಯುವ ಕಾರ್ಖಾನೆಗೆ ಸೇರಿ ಅವನ ಹೊಟ್ಟೆ ತುಂಬಿಸಿದ್ದಳು. ಒಡೆದ ಗಾಜು ಸೀಳಿದ ಗುರುತು ಅವಳ ಬಲ ಅಂಗೈಯಲ್ಲಿ ಇನ್ನೂ ಇತ್ತು. ನಾದಿನಿ ಕೆಟ್ಟವಳಾಗಿ ಹುಟ್ಟಿದವಳಲ್ಲ. ತಾನು ಕೊಟ್ಟದ್ದನ್ನು ಒಂದು ದಿನವೂ ಮರೆಯಲಾರದವಳು, ಅಷ್ಟೇ. ಅವಳ ಋಣದಲ್ಲಿ ಬಿದ್ದವರಿಗೆ ಅದರಿಂದೇಳುವ ಯೋಗ ಇರಲಿಲ್ಲ.

ಈಗ ಊಟದ ಮೇಜಿನ ಮೇಲೆ ಬೀಗದ ಕೈ ನಾದಿನಿಯ ಮುಂದೆ ಬಿದ್ದಿತ್ತು.

“ಹಳಿಯಾಚೆ...” ನಾದಿನಿ ಆ ಮಾತನ್ನು ಬಾಯಿಗೆ ಸಿಕ್ಕ ಕಲ್ಲಿನಂತೆ ಉಗುಳಿದಳು. “ನಮ್ಮ ಮನೆ ಕಸ ತೆಗೆಯೋಳು ಕೂಡ ಅಲ್ಲಿರಲ್ಲ. ನಾಳೆ ನಮ್ಮ ಬೀದಿಯವರು ನಿನ್ನ ತಮ್ಮ ಎಲ್ಲಿದ್ದಾನೆ ಅಂತ ಕೇಳಿದ್ರೆ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?”

“ನಮ್ಮ ದುಡಿಮೆಗೆ ನಿಲುಕೋ ಮನೆಯಲ್ಲಿದ್ದಾನೆ ಅಂತ ಹೇಳಿ ಅಕ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದೀವಿ. ಅದರಲ್ಲಿ ಮುಖ ಮುಚ್ಚಿಕೊಳ್ಳೋದು ಏನಿದೆ?”

“ಪುಕ್ಕಟೆ ಮನೆಗಿಂತ ನಿಲುಕೋ ಮನೆ ಯಾವುದಿದೆಯೇ?”

“ಇದು ಪುಕ್ಕಟೆ ಅಲ್ಲ. ಇದಕ್ಕೆ ನನ್ನ ಕೈ ಕೊಡ್ಬೇಕು, ನನ್ನ ಕಸುಬು ಕೊಡ್ಬೇಕು. ದಿನಾ ತಲೆ ತಗ್ಗಿಸಿ ಮೆಟ್ಟಿಲು ಹತ್ತಿ ಇಳೀಬೇಕು. ಅಷ್ಟು ದುಬಾರಿ ಮನೆಯಲ್ಲಿರೋ ಶಕ್ತಿ ನನಗಿಲ್ಲ.”

ಅವಳ ದನಿ ಏರಿರಲಿಲ್ಲ. ಏರಿದ್ದರೆ ನಾದಿನಿ ಜಗಳವನ್ನಾದರೂ ಗೆಲ್ಲುತ್ತಿದ್ದಳು. ಬದಲಿಗೆ ಅವಳು ತನ್ನ ಕೊನೆಯ ಬಾಣ ಹೂಡಿದಳು. ನೀವೆಲ್ಲಾದರೂ ಹಾಳಾಗಿ ಹೋಗಿ, ಅಮ್ಮ ಮಾತ್ರ ಈ ಮನೆ ಬಿಟ್ಟು ಕದಲುವುದಿಲ್ಲ, ಹೆತ್ತ ತಾಯಿಯನ್ನು ಆ ಕೊಳಕಿಗೆ ಕಳಿಸುವಷ್ಟು ಗತಿಗೆಟ್ಟವಳು ನಾನಲ್ಲ ಎಂದಳು. ಆಮೇಲೆ ಸ್ಟೂಲಿನ ಕಡೆ ತಿರುಗಿ, “ಹೇಳಮ್ಮ, ನೀನೇ ಹೇಳು. ಎಲ್ಲಿರ್ತೀಯ?” ಎಂದು ಕೇಳಿದಳು.

ಅತ್ತೆಯ ಕೈಯಲ್ಲಿದ್ದ ಬಟ್ಟಲು ವಾಲಿತು. ಗಂಜಿ ತುಳುಕಿ ಮಡಿಲ ಮೇಲೆ ಚೆಲ್ಲಿತು. ಇಷ್ಟು ವರ್ಷ ಯಾರಿಗೂ ಮಾತು ಬಿಟ್ಟುಕೊಡದೆ ಟಕಟಕ ಎನ್ನುತ್ತಾ ಮನೆ ತುಂಬ ಓಡಾಡಿದ ಹೆಂಗಸು ಈಗ ತುಟಿ ಪಿಟಕ್ಕೆನ್ನದೆ ಕೂತಿದ್ದರು. ಅದನ್ನು ನೋಡಲಾರದೆ ಸೊಸೆ ಎದ್ದಳು.

“ಅಕ್ಕ, ಅತ್ತೆಯ ಹಲ್ಲು ಕೊಡಿ. ಹಲ್ಲು ಹಾಕ್ಕೊಂಡು ಅವರು ಏನು ಹೇಳಿದ್ರೂ ನಾನು ಒಪ್ತೀನಿ.”

ನಾದಿನಿ ಕದಲಲಿಲ್ಲ. ಆಮೇಲೆ ನೋಡೋಣ, ಈಗ ಊಟದ ಹೊತ್ತು, ಬೀರುವಿನ ಬೀಗ ಎಲ್ಲೋ ಇಟ್ಟಿದ್ದೇನೆ ಎಂದು ಒಂದರ ಹಿಂದೊಂದು ನೆವ ಬಂತು. ಆಗ ಮನೆಯಲ್ಲಿ ಅವನೊಬ್ಬನಿದ್ದಾನೆಂದೇ ಎಲ್ಲರೂ ಮರೆತಿದ್ದ ಭಾವ, ಎದ್ದು ಒಳಗೆ ಹೋಗಿ ಒಂದು ಕಾಗದದ ಪೊಟ್ಟಣ ತಂದು ಮೇಜಿನ ಮೇಲಿಟ್ಟ. ಹೆಂಡತಿಯ ಮುಖ ನೋಡದೆ ವಾಪಸು ಕುರ್ಚಿಯಲ್ಲಿ ಕೂತ.

ಹಲ್ಲಿನವಳು ಪೊಟ್ಟಣ ಬಿಚ್ಚಿದಳು. ಕೆಳಸಾಲು ಸರಿಯಾಗಿತ್ತು. ಮೇಲುಸಾಲು ಎರಡು ಹೋಳಾಗಿತ್ತು. ನಡುವೆ ಸೀಳಿ, ಮುಂದಿನ ಒಂದು ಹಲ್ಲು ಉದುರಿ ಕಾಗದದ ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು. ತನ್ನ ಕೈಯಿಂದ ಕಟ್ಟಿದ್ದು. ಒಂದೊಂದು ಹಲ್ಲಿನ ಓರೆಯೂ ಅವಳಿಗೆ ಗೊತ್ತಿತ್ತು.

“ಯಾವಾಗ?” ಎಂದಳು.

ಹೇಳಿದವನು ಭಾವನೇ. ಹೆಂಡತಿಯ ಗೆಳತಿಯರು ಬಂದಿದ್ದ ದಿನ. ಅತ್ತೆ ಅವರೊಡನೆ ಕೂತು ಮಾತಿಗಿಳಿದಿದ್ದರು. ಆ ಟಕ್ ಟಕ್ ಸದ್ದಿಗೆ ಯಾರೋ ಒಬ್ಬಳು ಕಿಸಕ್ಕೆಂದಳು. ಮಗಳು ತಾಯಿಯನ್ನು ಒಳಗೆ ಕರೆದು, ಹಲ್ಲು ತೆಗೆದಿಟ್ಟು ಕೋಣೆಯಲ್ಲೇ ಇರು, ಅವರು ಹೋಗುವವರೆಗೆ ಹೊರಗೆ ಬರಬೇಡ ಎಂದಳು. ಮುದುಕಿ ಗಡಿಬಿಡಿಯಲ್ಲಿ ತೆಗೆಯುವಾಗ ಕೈ ಜಾರಿತು, ಕಲ್ಲಿನ ನೆಲಕ್ಕೆ ಬಿತ್ತು. ಮೂರು ವಾರವಾಗಿತ್ತು.

ಮೂರು ವಾರ... ಮೂರು ಫೋನು! ಪಕ್ಕದಲ್ಲಿ ಮಗಳು ನಿಂತಿದ್ದಾಗ ಆ ತಾಯಿ ಇನ್ನೇನು ತಾನೇ ಹೇಳಬಹುದಿತ್ತು? ಸೊಸೆಯ ಮುಂದೆ ಮಗಳ ಮಾನ ಕಳೆಯಬಾರದೆಂದು ತನ್ನ ಹಳೆಯ ದೂರನ್ನೇ ಮುಂದೆ ಮಾಡಿದ್ದರು. ಸೊಸೆ ಓಡಿಬಂದು ಬಾಯಿ ನೋಡುತ್ತಾಳೆಂದು ಕಾದಿದ್ದರು. ಸೊಸೆ ನಕ್ಕಿದ್ದಳು! ಹಲ್ಲಿನವಳ ಕಣ್ಣಿಂದ ಹನಿಗಳು ಮುರಿದ ಹೋಳುಗಳ ಮೇಲೆ ಬಿದ್ದವು. ಅವಳು ಒರೆಸಿಕೊಳ್ಳಲಿಲ್ಲ. ಹೋಗಿ ಅತ್ತೆಯ ಸ್ಟೂಲಿನ ಮುಂದೆ ನೆಲದ ಮೇಲೆ ಕೂತಳು.

“ತಪ್ಪಾಯ್ತು ಅತ್ತೆ. ನೋಯ್ತಿದೆ ಅಂದ್ರಿ, ನಾನು ಕೇಳಿಸಿಕೊಳ್ಳಲಿಲ್ಲ.”

ಅತ್ತೆ ಅವಳ ತಲೆಯ ಮೇಲೆ ಕೈಯಿಡಲಿಲ್ಲ. ಅಂಥ ಅಭ್ಯಾಸ ಆ ಕೈಗಿರಲಿಲ್ಲ. ಬಟ್ಟಲನ್ನು ಕೆಳಗಿಟ್ಟು, ಮಡಿಲ ಮೇಲೆ ಚೆಲ್ಲಿದ ಗಂಜಿ ಕೊಡವಿಕೊಂಡು ಏನೋ ಹೇಳಿದರು. ನಾದಿನಿಗೆ ಅರ್ಥವಾಗಲಿಲ್ಲ, ಮಗನಿಗೂ ಆಗಲಿಲ್ಲ. ಅರ್ಥವಾದದ್ದು ಹಲ್ಲಿಲ್ಲದ ಬಾಯಿಗಳ ಜೊತೆ ಬದುಕಿದವಳಿಗೆ ಮಾತ್ರ.

“ಏನಂತೆ?” ಎಂದಳು ನಾದಿನಿ.

“ನನ್ನ ಹಲ್ಲು ನನಗೆ ಬೇಕು ಅಂತಿದ್ದಾರೆ.”

“ಅಷ್ಟೇ ತಾನೇ? ನಾಳೆಯೇ ದೊಡ್ಡ ಡಾಕ್ಟರ ಹತ್ರ ಹೊಸದು ಕಟ್ಟಿಸ್ತೀನಮ್ಮ. ಸದ್ದೇ ಬರದೇ ಇರೋದು.”

ಈ ಸಲ ಅತ್ತೆ ಒಂದೊಂದೇ ಅಕ್ಷರವನ್ನು ಒಸಡಿನಿಂದ ಒತ್ತಿ ಒತ್ತಿ ಹೇಳಿದರು. ಎಲ್ಲರಿಗೂ ಕೇಳಿಸಿತು.

“ಅವಳು ಕಟ್ಟಿದ್ದೇ ಬೇಕು.”

ನಾದಿನಿ ಕುಸಿದು ಕೂತಳು. ನಾನು ಈ ಮನೆಗಾಗಿ ಏನೆಲ್ಲ ಮಾಡಿದೆ, ಈ ಕೈ ನೋಡಿ, ಈ ಕೈ ಸೀಳಿಕೊಂಡು ನಿಮ್ಮನ್ನೆಲ್ಲ ಸಾಕಿದೆ ಎಂದು ಅಂಗೈ ಬಿಚ್ಚಿ ತೋರಿಸುತ್ತಾ ಅತ್ತಳು. ಅವಳ ಅಳುವಿನಲ್ಲಿ ಸುಳ್ಳಿರಲಿಲ್ಲ. ಆ ಅಂಗೈಯನ್ನು ನೋಡಿದಾಗಲೆಲ್ಲ ತಲೆ ತಗ್ಗಿಸುತ್ತಿದ್ದ ತಮ್ಮ ಇಂದು ಎದ್ದು ಬಂದು ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ‘ನೋಡೋಣ’ ಎನ್ನುತ್ತಾನೆ ಎಂದು ಹೆಂಡತಿ ಅಂದುಕೊಂಡಳು.

“ಅಕ್ಕ, ನನಗೆ ಅನ್ನ ಹಾಕಿದವಳು ನೀನು. ಅದನ್ನ ತೀರಿಸೋಕೆ ನಾನಿದ್ದೀನಿ. ಕರೆದಾಗ ಬರ್ತೀನಿ, ಹೇಳಿದ್ದು ಮಾಡ್ತೀನಿ. ಆದ್ರೆ ಆ ಋಣ ನನ್ನದು ಅಕ್ಕ, ಅವಳದಲ್ಲ.”

ಅಷ್ಟು ಹೇಳಿ ಅವನು ಒಳಗೆ ಹೋಗಿ, ಮೂಲೆಯಲ್ಲಿಟ್ಟಿದ್ದ ತನ್ನ ಹೊಲಿಗೆಯ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಬಂದ. ನಾದಿನಿ ಬಾಗಿಲವರೆಗೆ ಬಂದಳು. ಈ ಹೊಸ್ತಿಲು ದಾಟಿದರೆ ಮತ್ತೆ ತುಳಿಯಬೇಡಿ ಎಂದಳು. ಅತ್ತೆ ಮಗಳ ಕೆನ್ನೆ ಸವರಿ, ಗೋಡೆ ಹಿಡಿದುಕೊಂಡು ಹೊಸ್ತಿಲು ದಾಟಿದರು. ಸಂಜೆಗೆ ಇನ್ನೂ ಎರಡು ಗಂಟೆ ಇತ್ತು. ಇಸ್ತ್ರಿಯವಳು ಜಗಲಿಯ ಮೇಲೆ ಕೂತು ಇವರ ದಾರಿಯನ್ನೇ ಕಾಯುತ್ತಿದ್ದಳು.

ಮರುದಿನ ಹಲ್ಲಿನವಳು ಹೊಸ ಕೆಲಸಕ್ಕೆ ಹೋದವಳು ಮೇಲಿನವರನ್ನು ಕೇಳಿಕೊಂಡು, ಊಟದ ಬಿಡುವಿನಲ್ಲಿ ಆ ಎರಡು ಹೋಳುಗಳನ್ನು ಮೇಣದಿಂದ ಜೋಡಿಸಿ, ಕದಲದಂತೆ ಹಿಂಬದಿಗೆ ಪ್ಲಾಸ್ಟರ್ ಹೊಯ್ದು, ಉದುರಿದ ಹಲ್ಲನ್ನು ಕೂರಿಸಿ ಸೀಳನ್ನು ಬೆಸೆದಳು. ಮೂರು ದಿನದ ಬಿಡುವುಗಳು ಅದಕ್ಕೇ ಹೋದವು. ಸೀಳಿನ ಗೆರೆ ಮಾತ್ರ ಸಣ್ಣಗೆ ಉಳಿಯಿತು. ಸದ್ದು ಬರುವ ಎತ್ತರವನ್ನು ತೇಯಲು ಯಂತ್ರ ಹಿಡಿದವಳು, ಕೇಳದೆ ಹೇಗೆ ತೇಯುವುದು ಎನ್ನಿಸಿ ಹಾಗೇ ತಂದಳು. ಅತ್ತೆ ಹಾಕಿಕೊಂಡರು, ಎರಡು ಸಲ ಕಚ್ಚಿ ನೋಡಿದರು, ಕೆನ್ನೆ ಮತ್ತೆ ತುಂಬಿಬಂತು. ಆಡಿದ ಮೊದಲ ಮಾತು, ಗೋಡೆಯ ಮೂಲೆಯಲ್ಲಿ ತೇವ ಇದೆ, ನೋಡದೆ ಹಿಡಿದಿದ್ದೀಯ ಎಂದು.

ಅಲ್ಲಿನ ಬದುಕು ಸುಲಭವಾಗಿತ್ತೆಂದು ಯಾರೂ ಅಂದುಕೊಳ್ಳಬಾರದು. ತೇವದ ಮೂಲೆಯಲ್ಲಿ ಬಟ್ಟೆಗೆ ಬೂಷ್ಟು ಹಿಡಿಯಿತು. ಮೊದಲ ವಾರ ರೈಲು ಬಂದಾಗಲೆಲ್ಲ ಗಂಡ ಸೂಜಿ ಚುಚ್ಚಿಕೊಂಡ. ಆಮೇಲೆ ಅವನು ಬೀದಿಯ ಕ್ಷೌರದಂಗಡಿಯ ಎರಡು ಕುರ್ಚಿಗೆ ಹೊಸ ಹೊದಿಕೆ ಹಾಕಿಕೊಟ್ಟ, ಅದನ್ನು ನೋಡಿ ಇನ್ನೂ ನಾಲ್ಕು ಜನ ಬಂದರು. ಹಲ್ಲಿನವಳು ದಿನಾ ಹನ್ನೆರಡು ನಿಮಿಷ ನಡೆದು ಹೋದಳು, ಹನ್ನೆರಡು ನಿಮಿಷ ನಡೆದು ಬಂದಳು. ಅತ್ತೆ ಈಗಲೂ ಸಿಟ್ಟು ಬಂದರೆ ಹಲ್ಲು ನೋಯುತ್ತೆ ಎನ್ನುತ್ತಿದ್ದರು. ಸುಳ್ಳೋ ನಿಜವೋ, ಸೊಸೆ ಕೈಯಲ್ಲಿದ್ದ ಕೆಲಸ ಬಿಟ್ಟು ಪ್ರತಿ ಸಲವೂ ಬೆಳಕಿಗೆ ಬಾಯಿ ತೆರೆಸಿ ನೋಡುತ್ತಿದ್ದಳು.

ನಾಲ್ಕನೆಯ ಭಾನುವಾರ ನಾದಿನಿ ಬಂದಳು. ಕಾರು ಹಳಿ ದಾಟದೆ ಆಸ್ಪತ್ರೆಯ ಬದಿಯಲ್ಲೇ ನಿಂತಿತ್ತು. ಅಮ್ಮ ಬಿಟ್ಟುಬಂದಿದ್ದ ಬಿಸಿನೀರಿನ ಚೀಲ, ಉಣ್ಣೆಯ ಹೊದಿಕೆ ಎರಡನ್ನೂ ಎದೆಗವಚಿಕೊಂಡು ಬೀದಿಯುದ್ದಕ್ಕೂ ಬಾಗಿಲು ಬಾಗಿಲು ನೋಡುತ್ತಾ ನಡೆದು ಬಂದಳು. ಅಮ್ಮ ಜಗಲಿಯ ಮೇಲೆ ಇಸ್ತ್ರಿಯವಳ ಜೊತೆ ಕೂತಿದ್ದರು. ಇಬ್ಬರ ನಡುವೆ ಒಂದು ತಟ್ಟೆ ಹುರಿಗಡಲೆ ಇತ್ತು. ಹಲ್ಲಿನವಳು ಒಳಗಿನಿಂದ ಗಂಡ ಹೊದಿಕೆ ಹಾಕಿದ್ದ ಕುರ್ಚಿಯನ್ನು ತಂದಿಟ್ಟು, ಬನ್ನಿ ಅಕ್ಕ, ಕೂತ್ಕೊಳ್ಳಿ ಎಂದಳು.

ನಾದಿನಿ ಕುರ್ಚಿಯ ಅಂಚಿನಲ್ಲಿ ಕೂತಳು. ಅಡುಗೆಯವಳು ಮತ್ತೆ ಬರುತ್ತಿದ್ದಾಳೆ, ಮಹಡಿಯ ರೂಮು ಖಾಲಿಯೇ ಇದೆ, ಮನೆಯಲ್ಲಿ ಮಾತಾಡುವವರೇ ಇಲ್ಲ ಎಂದು ನೆಲ ನೋಡುತ್ತಾ ಹೇಳಿದಳು. ಆಮೇಲೆ, “ಮನೆಗೆ ಬಾರಮ್ಮ,” ಎಂದಳು. ಇಷ್ಟು ಸಣ್ಣ ದನಿ ಅವಳಿಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಅತ್ತೆ ಒಂದು ಹಿಡಿ ಕಡಲೆ ತೆಗೆದು ಮಗಳ ಸೀಳಿದ ಅಂಗೈಯಲ್ಲಿ ಸುರಿದರು.

“ಬರ್ತೀನಿ ಕಣೇ. ಎರಡು ದಿನ ಇದ್ದು ಬರ್ತೀನಿ. ಆದ್ರೆ ಹಲ್ಲು ಹಾಕ್ಕೊಂಡೇ ಬರ್ತೀನಿ. ನಿನ್ನ ಗೆಳತಿಯರು ಬಂದ್ರೆ ಅವರ ಮಧ್ಯದಲ್ಲೇ ಕೂತ್ಕೋತೀನಿ.”

ಮಾತಿನ ನಡುನಡುವೆ ಟಕ್ ಟಕ್ ಎನ್ನುತ್ತಿತ್ತು. ನಾದಿನಿ ತಮ್ಮನ ಹೆಂಡತಿಯ ಕಡೆ ನೋಡಿದಳು. ಆ ಸದ್ದನ್ನು ತೆಗೆಯಲು ಆಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ಆಗುತ್ತೆ, ಅರ್ಧ ಗಂಟೆಯ ಕೆಲಸ, ಅತ್ತೆ ಹೂಂ ಅಂದರೆ ಈಗಲೇ ಎಂದಳು ಹಲ್ಲಿನವಳು. ಇಬ್ಬರೂ ಮುದುಕಿಯನ್ನು ನೋಡಿದರು.

“ಯಾರೂ ಮುಟ್ಟಬೇಡಿ,” ಎಂದರು ಅತ್ತೆ. “ಮೂರು ವಾರ ಈ ಸದ್ದಿಲ್ಲದೆ ಕೂತಿದ್ದೆ. ನಾನು ಬದುಕಿದ್ದೀನೋ ಇಲ್ಲವೋ ಅಂತ ಯಾರೂ ತಿರುಗಿ ನೋಡ್ಲಿಲ್ಲ.”

ನಾದಿನಿಯ ಕಣ್ಣು ತುಂಬಿತು. ಅವಳು ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಗೇಟು ಬಿತ್ತು, ರೈಲು ಬಂತು. ಒಳಗೆ ಲೋಟಗಳು ಗಲಗಲ ಎಂದವು, ಜಗಲಿ ನಡುಗಿತು, ನಾದಿನಿ ಬೆಚ್ಚಿ ಕುರ್ಚಿಯ ಕೈ ಹಿಡಿದುಕೊಂಡಳು. ಇಸ್ತ್ರಿಯವಳು ಬಾಯಿ ಮುಚ್ಚಿಕೊಂಡು ರೈಲು ಹೋಗಲೆಂದು ಕಾದಳು. ಅತ್ತೆ ಕಾಯಲಿಲ್ಲ. ರೈಲಿನ ಕಡೆಗೇ ಮುಖ ಮಾಡಿ ಒಂದೊಂದೇ ಕಡಲೆ ಬಾಯಿಗೆ ಹಾಕಿಕೊಳ್ಳುತ್ತಾ ಅಗಿಯುತ್ತಿದ್ದರು. ಕೊನೆಯ ಡಬ್ಬಿ ದಾಟಿ ಬೀದಿ ನಿಶ್ಶಬ್ದವಾದಾಗ ಎಲ್ಲರಿಗೂ ಮೊದಲು ಕೇಳಿಸಿದ್ದು ಆ ಸದ್ದೇ, ಟಕ್, ಟಕ್, ಟಕ್.